ಯಾರ ಭಾನುವಾರ?

ಹಳೆಯ ಸಾಮಾನಿಗೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಗತಿ. ಒಂದು ಅಟ್ಟ, ಇನ್ನೊಂದು ಹಜಾರದ ಷೋಕೇಸು. ಅಟ್ಟಕ್ಕೆ ಹೋದದ್ದು ಸುಣ್ಣ ಬಣ್ಣದ ಸಮಯದಲ್ಲಿ ಕೆಳಗಿಳಿದು, ಎಲ್ಲರಿಂದ ಒಮ್ಮೆ ‘ಅಯ್ಯೋ, ಇದಿನ್ನೂ ಇದೆಯಾ!’ ಎನ್ನಿಸಿಕೊಂಡು ಮತ್ತೆ ಮೇಲೇರುತ್ತದೆ. ಷೋಕೇಸಿಗೆ ಹೋದದ್ದು ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಹೊಳೆಯುತ್ತಾ, ಬಂದವರೆದುರು ಮನೆತನದ ಹೆಮ್ಮೆಯಾಗಿ ಕೂಡುತ್ತದೆ. ಆದರೆ ಅದರಲ್ಲಿ ಯಾರೂ ಹಾಲು ಕಾಯಿಸುವುದಿಲ್ಲ. ಅಪರೂಪಕ್ಕೆ ಮೂರನೆಯ ಗತಿಯೊಂದುಂಟು. ಸವೆದು ನುಣುಪಾದ ರುಬ್ಬುವ ಕಲ್ಲಿಗೆ ಕಲ್ಲುಕುಟಿಗನನ್ನು ಕರೆಸಿ ಉಳಿಯಲ್ಲಿ ಹೊಡೆಸಿ, ಮರುದಿನವೇ ಅದರಲ್ಲಿ ಇಡ್ಲಿಗೆ ಉದ್ದು ರುಬ್ಬುವುದು. ಹಾಗೆ ಮಾಡಿಸಿದಾಗ ಕಲ್ಲು ಚೆಂದವಾಗುವುದಿಲ್ಲ, ಕೆಲಸಕ್ಕೆ ಬರುತ್ತದೆ. ನಮ್ಮ ತಾಯಂದಿರು ಇದನ್ನು ‘ಕಲೆ’ ಎಂದು ಕರೆಯಲಿಲ್ಲ. ಸಂಸಾರ ಎಂದರು, ಅಷ್ಟೆ.

ಈ ಮೂರು ಗತಿಗಳನ್ನು ಕುರಿತು ನಾನು ಬಹಳವಾಗಿ ಯೋಚಿಸುವಂತೆ ಮಾಡಿದ್ದು ಎರಡು ಚಲನಚಿತ್ರಗಳು ಮತ್ತು ಒಂದು ಮೋಟಾರುಸೈಕಲ್ಲು. ಚಿತ್ರಗಳಲ್ಲಿ ಒಂದು, 1971ರಲ್ಲಿ ಅಮೆರಿಕದಲ್ಲಿ ತಯಾರಾದ ‘ಆನ್ ಎನಿ ಸಂಡೆ’. ಇನ್ನೊಂದು, 2024ರ ಪುಟ್ಟ ಸಾಕ್ಷ್ಯಚಿತ್ರ ‘ಮೋಟಾರ್‌ಸೈಕಲ್ ಮೇರಿ’. ಮೋಟಾರುಸೈಕಲ್ಲು ನನ್ನ ಅಳಿಯನದು. ಈ ಮೂರನ್ನೂ ಒಟ್ಟಿಗೆ ಇಟ್ಟು ವಿಮರ್ಶೆ ಮಾಡುವುದು ವಿಚಿತ್ರವೆನ್ನಿಸಬಹುದು. ಆದರೆ ಆ ಬೈಕನ್ನು ನೋಡದೆ ಆ ಚಿತ್ರಗಳು ನನಗೆ ಅರ್ಥವಾಗುತ್ತಿರಲಿಲ್ಲ. ಆ ಚಿತ್ರಗಳನ್ನು ನೋಡದೆ ಆ ಬೈಕಿನ ಹಿಂದಿನ ಹುಚ್ಚು ಅರ್ಥವಾಗುತ್ತಿರಲಿಲ್ಲ.

2023ರಲ್ಲಿ ಮಗಳ ಬಾಣಂತನಕ್ಕೆಂದು ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೋದೆ. ಬಾಣಂತಿಯ ಖಾರದ ಪುಡಿ, ಮೆಂತ್ಯದ ಹಿಟ್ಟು, ಅಂಟಿನುಂಡೆ ಎಲ್ಲ ಸೂಟ್‌ಕೇಸಿನಲ್ಲಿ. ಅಲ್ಲಿನ ಮನೆಗಳಲ್ಲಿ ಕಾರು ನಿಲ್ಲಿಸಲು ದೊಡ್ಡ ಗ್ಯಾರೇಜು ಇರುತ್ತದಲ್ಲ, ನಮ್ಮ ಅಳಿಯಂದಿರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ನೆಲದ ತುಂಬ ಹಾಳೆ ಹಾಸಿ, ಅದರ ಮೇಲೆ ಒಂದು ಮೋಟಾರುಸೈಕಲ್ಲಿನ ಅಂಗಾಂಗಗಳನ್ನು ಬಿಡಿಸಿ ಜೋಡಿಸಿದ್ದರು. ನಟ್ಟು ಬೋಲ್ಟುಗಳು ಮೊಸರಿನ ಖಾಲಿ ಡಬ್ಬಿಗಳಲ್ಲಿ, ಡಬ್ಬಿಯ ಮೇಲೆ ಚೀಟಿ. ‘ಅತ್ತೆ, ಇದು 1973ರ ಹಸ್ಕ್ವಾರ್ನಾ 250. ಸ್ವೀಡನ್ನಿನದು. ನಾನು ಹುಟ್ಟುವುದಕ್ಕೆ ಮೊದಲೇ ರೇಸು ಓಡಿದ ಗಾಡಿ’ ಎಂದರು. ‘ಇದು ಮತ್ತೆ ಓಡುತ್ತದೆಯೇ?’ ಎಂದೆ. ‘ಓಡಿಸಲಿಕ್ಕೇ ಮಾಡುತ್ತಿರುವುದು’ ಎಂದರು.

ಹಸ್ಕ್ವಾರ್ನಾ ಎಂಬ ಹೆಸರು ಕೇಳಿ ನನಗೆ ಆಶ್ಚರ್ಯವಾಯಿತು. ಹೊಲಿಗೆ ಕಲಿಯುವಾಗ ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಆ ಹೆಸರಿನ ಹೊಲಿಗೆ ಯಂತ್ರದ ಜಾಹೀರಾತು ನೋಡಿದ್ದೆ. ಅದೇ ಕಂಪನಿ! 1689ರಲ್ಲಿ ಸ್ವೀಡನ್ನಿನ ರಾಜನ ಸೈನ್ಯಕ್ಕೆ ಬಂದೂಕು ಮಾಡುವ ಕಾರ್ಖಾನೆಯಾಗಿ ಹುಟ್ಟಿ, 1872ರಲ್ಲಿ ಹೊಲಿಗೆ ಯಂತ್ರಕ್ಕೂ 1903ರಲ್ಲಿ ಮೋಟಾರುಸೈಕಲ್ಲಿಗೂ ಕೈಹಾಕಿದ ಸಂಸ್ಥೆ. ಒಂದೇ ಕಾರ್ಖಾನೆಯಿಂದ ಹೊರಟ ಎರಡು ಯಂತ್ರಗಳಲ್ಲಿ ಒಂದು ಹೆಂಗಸರ ಕೋಣೆಗೆ ಹೋಯಿತು, ಇನ್ನೊಂದು ಗಂಡಸರ ಬಯಲಿಗೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಬಾಬಿನ್ ತೆಗೆದು ನೂಲಿನ ಕಸ ಬಿಡಿಸಿ, ಬೆಲ್ಟ್ ಬಿಗಿ ಮಾಡುವ ಕೆಲಸವನ್ನು ಯಾರೂ ‘ರೆಸ್ಟೊರೇಷನ್’ ಎನ್ನಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗುತ್ತೇನೆ.

ಈ ಬೈಕಿನ ಜಾತಕವನ್ನು ಸ್ವಲ್ಪ ಹೇಳಬೇಕು. ಮೋಟೋಕ್ರಾಸ್ ಎಂದರೆ ಡಾಂಬರಿನ ರಸ್ತೆಯ ಮೇಲಿನ ಓಟವಲ್ಲ. ಮಣ್ಣು, ಕೆಸರು, ದಿಬ್ಬ, ಹಳ್ಳಗಳ ಸುತ್ತುದಾರಿಯಲ್ಲಿ ಎಲ್ಲರೂ ಒಟ್ಟಿಗೆ ಹೊರಟು ಹಾರಿ ಬೀಳುತ್ತ ಓಡಿಸುವ ಪಂದ್ಯ. ಇಂಗ್ಲೆಂಡಿನಲ್ಲಿ 1920ರ ದಶಕದಲ್ಲಿ ಶುರುವಾದದ್ದು. ಮೊದಲು ಅಲ್ಲಿ ಭಾರವಾದ ಫೋರ್ ಸ್ಟ್ರೋಕ್ ಬೈಕುಗಳದೇ ರಾಜ್ಯಭಾರ. 1960ರ ದಶಕದಲ್ಲಿ ಹಗುರವಾದ ಟೂ ಸ್ಟ್ರೋಕ್ ಬೈಕುಗಳು ಬಂದು ಅವನ್ನು ಹಿಂದೆ ಹಾಕಿದವು. 1966ರಲ್ಲಿ ಜೆಕೊಸ್ಲೊವಾಕಿಯದ ಸಿಜೆಡ್ ಬೈಕಿನ ಮೇಲೆ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ದೊಡ್ಡ 500 ಸಿಸಿ ವರ್ಗದ ವಿಶ್ವ ಪ್ರಶಸ್ತಿಯನ್ನೇ ಗೆದ್ದಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಟೂ ಸ್ಟ್ರೋಕ್ ಎಂದರೆ ನಮಗೇನೂ ಪರಕೀಯವಲ್ಲ. ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲಿನ ಜತೆಗೆ ಅಳತೆಯ ಆಯಿಲ್ ಹಾಕಿಸಿ ಗಾಡಿಯನ್ನು ಒಮ್ಮೆ ಅಲ್ಲಾಡಿಸುತ್ತಿದ್ದದ್ದು ಜ್ಞಾಪಕವಿದೆಯೆ? ಅದೇ. ಈ ಎಂಜಿನ್ನಿನಲ್ಲಿ ಮುಚ್ಚಿ ತೆರೆಯುವ ವಾಲ್ವುಗಳ ಸಂಭ್ರಮವಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಆಡುತ್ತ ತಾನೇ ಆ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಮ್ಮೆ ಕಿಡಿಯಾದರೆ ಇಲ್ಲಿ ಪ್ರತಿ ಸುತ್ತಿಗೂ ಕಿಡಿ. ಕಡಿಮೆ ಸಾಮಾನು, ಹೆಚ್ಚು ಶಕ್ತಿ, ಜತೆಗೆ ಸುಟ್ಟ ಎಣ್ಣೆಯ ನೀಲಿ ಹೊಗೆ. ಮೈಸೂರಿನವರಿಗೆ ಆ ಹೊಗೆಯ ವಾಸನೆ ಊರಿನ ವಾಸನೆಯೇ ಆಗಿತ್ತು. ಜೆಕ್ ದೇಶದ ಜಾವಾವನ್ನು ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿತು, ಮುಂದೆ ಅದನ್ನೇ ಯೆಜ್ಡಿ ಎಂದು ಕರೆಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಮೋಟೋಕ್ರಾಸ್ ಗೆದ್ದ ಸಿಜೆಡ್ಡೂ ನಮ್ಮ ಜಾವಾವೂ ಒಂದೇ ದೇಶದ, ಒಂದೇ ಮನೆತನದ ಅಕ್ಕತಂಗಿಯರು.

ಗ್ಯಾರೇಜಿನ ಕೆಲಸವನ್ನು ನಾನು ಮಗುವನ್ನು ಭುಜದ ಮೇಲೆ ಹಾಕಿಕೊಂಡು ಮೂರು ತಿಂಗಳು ನೋಡಿದೆ. ಐವತ್ತು ವರ್ಷದ ಬೈಕಿನಲ್ಲಿ ಕೆಟ್ಟದ್ದು ಮೇಲಕ್ಕೆ ಕಾಣುವುದಿಲ್ಲ. ಕ್ರ್ಯಾಂಕಿನ ಎರಡು ಬದಿಯ ರಬ್ಬರಿನ ಸೀಲುಗಳು ಒಣಗಿ ಗಡುಸಾಗಿರುತ್ತವೆ. ಅಲ್ಲಿಂದ ಗಾಳಿ ಒಳಗೆ ನುಗ್ಗಿದರೆ ಪೆಟ್ರೋಲು ಮತ್ತು ಎಣ್ಣೆಯ ಪಾಲು ಕಡಿಮೆಯಾಗಿ, ಎಂಜಿನ್ ಮಿತಿಮೀರಿ ಕಾದು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡುಬಿಡುತ್ತದೆ. ಹತ್ತು ಪೈಸೆಯ ಸಾಮಾನಿಗಾಗಿ ಸಾವಿರ ರೂಪಾಯಿಯ ಸಾಮಾನು ಹಾಳಾಗುವುದು ಎಂದರೆ ಇದೇ. ಆಮೇಲೆ ಸವೆದ ಸಿಲಿಂಡರನ್ನು ಬೋರ್ ಮಾಡಿಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಬೇಕು. ಕಾರ್ಬೊರೇಟರಿನ ಸೂಜಿಮೊನೆಯಂಥ ಜೆಟ್ಟುಗಳಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ, ಅದನ್ನು ಬಿಡಿಸಬೇಕು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಹೆಣೆದು, ಗಾಲಿಯನ್ನು ತಿರುಗಿಸಿ, ಓರೆ ಹೋದ ಕಡೆ ಅರ್ಧ ಸುತ್ತು ಬಿಗಿ ಮಾಡುತ್ತ ಸಮ ಮಾಡಬೇಕು. ಎಂಬ್ರಾಯ್ಡರಿಯ ರಿಂಗಿನಲ್ಲಿ ಬಟ್ಟೆ ಬಿಗಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲ.

ಈ ಕೆಲಸದಲ್ಲಿ ಒಂದು ಘನತೆ ಇದೆ ಎಂದು ನಾನು ಒಪ್ಪುತ್ತೇನೆ. ಎಸೆಯುವುದೇ ಸುಲಭವಾದ ದೇಶದಲ್ಲಿ ಕುಳಿತು, ಎಂಜಿನಿಯರ್ ಹುಡುಗನೊಬ್ಬ ರಾತ್ರಿ ಹನ್ನೊಂದರವರೆಗೆ ತುಕ್ಕು ತಿಕ್ಕುವುದು ಸಣ್ಣ ಮಾತಲ್ಲ. ಆದರೆ ಅದೇ ಹನ್ನೊಂದು ಗಂಟೆಗೆ ಮೇಲಿನ ಕೋಣೆಯಲ್ಲಿ ನನ್ನ ಮಗಳು ಮಗುವಿಗೆ ಹಾಲು ಕುಡಿಸುತ್ತ ತೂಕಡಿಸುತ್ತಿದ್ದಳು. ಅಳಿಯಂದಿರು ಕೆಟ್ಟವರಲ್ಲ. ಪಾತ್ರೆ ತೊಳೆಯುತ್ತಿದ್ದರು, ಮಗುವಿಗೆ ಬಟ್ಟೆ ಬದಲಿಸುತ್ತಿದ್ದರು, ನನ್ನ ಸಾರಿಗೆ ಒಗ್ಗರಣೆಯನ್ನೂ ಹಾಕುತ್ತಿದ್ದರು. ಆದರೂ ‘ನನ್ನ ಸಮಯ’ ಎಂಬುದೊಂದು ಅವರಿಗಿತ್ತು. ಅದಕ್ಕೆ ಬಾಗಿಲು, ದೀಪ, ಬೀಗ ಎಲ್ಲವೂ ಇದ್ದವು. ನನ್ನ ಮಗಳ ವೀಣೆ ಅದೇ ಗ್ಯಾರೇಜಿನ ಮೂಲೆಯಲ್ಲಿ, ತಂತಿ ಸಡಿಲವಾಗಿ, ಪೆಟ್ಟಿಗೆಯಲ್ಲಿ ಮಲಗಿತ್ತು. ಯಾರೂ ಅದನ್ನು ಮುಟ್ಟಬೇಡ ಎಂದಿರಲಿಲ್ಲ.

‘ಆನ್ ಎನಿ ಸಂಡೆ’ಯನ್ನು ನಾನು ನೋಡಿದ್ದು ಆ ಮನೆಯಲ್ಲೇ, ಮಗು ಮಲಗಿದ ಒಂದು ಮಧ್ಯಾಹ್ನ. ‘ಅತ್ತೆ, ಇದನ್ನು ನೋಡಿದರೆ ನಿಮಗೆ ನನ್ನ ಹುಚ್ಚು ಗೊತ್ತಾಗುತ್ತದೆ’ ಎಂದು ಅಳಿಯಂದಿರೇ ಹಾಕಿಕೊಟ್ಟರು. ಇದರ ನಿರ್ದೇಶಕ ಬ್ರೂಸ್ ಬ್ರೌನ್ ಅದಕ್ಕೆ ಮೊದಲು ಸಮುದ್ರದ ಅಲೆಗಳ ಮೇಲೆ ಹಲಗೆ ಹಿಡಿದು ಜಾರುವವರನ್ನು ಕುರಿತು ‘ದಿ ಎಂಡ್‌ಲೆಸ್ ಸಮ್ಮರ್’ ಎಂಬ ಚಿತ್ರ ಮಾಡಿ ಹೆಸರಾಗಿದ್ದ. ಈ ಚಿತ್ರಕ್ಕೆ ಹಣ ಹಾಕಿದ್ದು ಹಾಲಿವುಡ್ ನಟ ಸ್ಟೀವ್ ಮೆಕ್ವೀನನ ಸಂಸ್ಥೆ. ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡ ಸಾಕ್ಷ್ಯಚಿತ್ರ.

ಚಿತ್ರ ಶುರುವಾಗುವುದು ಮಕ್ಕಳಿಂದ. ಸಣ್ಣ ಸೈಕಲ್ಲುಗಳ ಮೇಲೆ ಹುಡುಗರು ಧೂಳೆಬ್ಬಿಸುತ್ತ, ಬಾಯಲ್ಲೇ ಮೋಟಾರಿನ ಸದ್ದು ಮಾಡುತ್ತ ದಿಬ್ಬ ಹಾರುತ್ತಾರೆ. ಇಡೀ ಚಿತ್ರದ ಆತ್ಮ ಆ ಕೆಲವು ನಿಮಿಷಗಳಲ್ಲಿದೆ. ಮುಂದೆ ಬರುವ ದೊಡ್ಡವರೆಲ್ಲ ಈ ಹುಡುಗರೇ, ಗಡ್ಡ ಮೂಡಿದ್ದಾರೆ ಅಷ್ಟೆ. ಅವರಲ್ಲಿ ಮುಖ್ಯರಾದವರು ಮೂವರು. 1969ರ ಅಮೆರಿಕದ ಚಾಂಪಿಯನ್ ಮೆರ್ಟ್ ಲಾವಿಲ್, ತನ್ನ ಬೈಕಿನ ಮೇಲಿನ ‘1’ ಎಂಬ ಸಂಖ್ಯೆಯನ್ನು ಉಳಿಸಿಕೊಳ್ಳಲು ಊರಿಂದೂರಿಗೆ ಅಲೆದು, ಕೊನೆಗೆ ಕಳೆದುಕೊಳ್ಳುವವನು. ಮಾಲ್ಕಂ ಸ್ಮಿತ್, ಯಾವ ಬಗೆಯ ನೆಲ ಕೊಟ್ಟರೂ ಹಸ್ಕ್ವಾರ್ನಾ ಓಡಿಸಿ ನಗುವವನು. 1970ರಲ್ಲಿ ಸ್ಪೇನಿನಲ್ಲಿ ನಡೆದ ಆರು ದಿನಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಚಿನ್ನದ ಪದಕ ಗೆಲ್ಲುವವನು. ಮೂರನೆಯವನು ಮೆಕ್ವೀನ್. ಅವನು ಪಂದ್ಯಗಳಿಗೆ ಹಾರ್ವಿ ಮುಷ್‌ಮನ್ ಎಂಬ ಸುಳ್ಳು ಹೆಸರಿನಲ್ಲಿ ಸೇರುತ್ತಿದ್ದ. ಲೋಕವೇ ಗುರುತಿಸುವ ಮುಖ ಹೆಲ್ಮೆಟ್ಟಿನೊಳಗೆ ಮರೆಯಾಗಿ, ಎಲ್ಲರಂತೆ ಮಣ್ಣು ಮೆತ್ತಿಸಿಕೊಳ್ಳುವ ಸುಖಕ್ಕಾಗಿ. ಲೇಕ್ ಎಲ್ಸಿನೋರ್ ಎಂಬ ಸಣ್ಣ ಊರಿನ ಬೀದಿಗಳಲ್ಲೇ ನಡೆಯುವ ಪಂದ್ಯದ ಭಾಗವನ್ನು ನೋಡಿದಾಗ ನನಗೆ ನಮ್ಮೂರ ತೇರಿನ ದಿನ ನೆನಪಾಯಿತು. ಊರಿಗೆ ಊರೇ ಅಂಗಳಕ್ಕೆ ಬಂದಂತೆ.

ಇದು ಒಳ್ಳೆಯ ಚಿತ್ರ. ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿ ತೆಗೆದ ಓಟ, ನಿಧಾನಗತಿಯಲ್ಲಿ ಮಣ್ಣಿನ ಹೆಂಟೆ ಹಾರುವ ನೋಟ, ನಿರೂಪಕನ ಹರಟೆಯ ಧಾಟಿ, ಎಲ್ಲವೂ ಇಂದಿಗೂ ತಾಜಾ ಆಗಿವೆ. ಬೈಕಿನವರೆಂದರೆ ಪುಂಡರು ಎಂಬ ಅಂದಿನ ಅಭಿಪ್ರಾಯವನ್ನು ವಾದ ಮಾಡದೆ, ಬರಿಯ ಸಂತೋಷ ತೋರಿಸಿ ಕರಗಿಸುತ್ತದೆ. ಲಾವಿಲ್ ತನ್ನ ಬೈಕಿನ ಕೆಲಸವನ್ನು ತಾನೇ ಮಾಡಿಕೊಳ್ಳುವುದನ್ನು ಗೌರವದಿಂದ ತೋರಿಸುತ್ತದೆ. (ಮುಂದೆ ಆತ ಕೈ ಕಳೆದುಕೊಂಡವರಿಗಾಗಿ, ಅವರು ಮತ್ತೆ ಬೈಕು ಓಡಿಸಬಲ್ಲಂಥ ಕೃತಕ ಹಸ್ತಗಳನ್ನು ತಯಾರಿಸಿದ ಎಂದು ತಿಳಿದಾಗ, ಆ ರಿಪೇರಿಯ ಕೈಗೆ ನಮಸ್ಕಾರ ಮಾಡಬೇಕೆನ್ನಿಸಿತು.) ಕೊನೆಯಲ್ಲಿ ಮೂವರು ಗೆಳೆಯರೂ ಸಮುದ್ರದ ದಂಡೆಯಲ್ಲಿ, ಯಾವ ಪಂದ್ಯವೂ ಇಲ್ಲದೆ, ಸಂಜೆಯ ಬೆಳಕಿನಲ್ಲಿ ಸುಮ್ಮನೆ ಆಡುತ್ತಾರೆ. ಅಷ್ಟು ನಿರಾಳವಾದ ಸಂತೋಷವನ್ನು ನಾನು ಚಲನಚಿತ್ರಗಳಲ್ಲಿ ಕಂಡಿರುವುದು ಕಡಿಮೆ.

ಆ ನಿರಾಳವನ್ನು ನೋಡುತ್ತಲೇ ನನ್ನ ತಕರಾರು ಹುಟ್ಟಿತು. ಯಾವುದೇ ಭಾನುವಾರ ಎಂಬುದು ಚಿತ್ರದ ಹೆಸರು. ಯಾರ ಭಾನುವಾರ? ನಮ್ಮ ಮನೆಗಳಲ್ಲಿ ಭಾನುವಾರವೆಂದರೆ ಹೆಂಗಸರಿಗೆ ಕೆಲಸ ಹೆಚ್ಚಿರುವ ದಿನ. ಎಲ್ಲರೂ ತಡವಾಗಿ ಏಳುತ್ತಾರೆ, ಆದ್ದರಿಂದ ತಿಂಡಿ ಎರಡು ಸಲ. ಎಲ್ಲರೂ ಮನೆಯಲ್ಲಿರುತ್ತಾರೆ, ಆದ್ದರಿಂದ ವಿಶೇಷ ಅಡುಗೆ. ತಲೆಸ್ನಾನ, ಒಗೆಯುವ ರಾಶಿ, ಬಂದುಹೋಗುವ ನೆಂಟರು. ಚಿತ್ರದ ಸಾವಿರಾರು ಗಂಡಸರು ಆ ಬೆಳಿಗ್ಗೆ ಮರುಭೂಮಿಗೆ ಹೋಗಿ, ಸಂಜೆ ಧೂಳು ಮೆತ್ತಿಕೊಂಡು ಮರಳುವಾಗ, ಆ ಧೂಳಿನ ಬಟ್ಟೆ ಒಗೆದವರು ಯಾರು? ಬ್ರೌನನ ಕ್ಯಾಮೆರಾ ಆ ಕಡೆ ತಿರುಗುವುದೇ ಇಲ್ಲ. ಬೀಳುವುದನ್ನೂ ಮೂಳೆ ಮುರಿಯುವುದನ್ನೂ ತಮಾಷೆಯ ದನಿಯಲ್ಲಿ ದಾಟಿಸಿಬಿಡುವ ಚಿತ್ರಕ್ಕೆ, ಮುರಿದ ಮೂಳೆಗೆ ಶುಶ್ರೂಷೆ ಮಾಡುವವರ ನೆನಪು ಬರುವುದು ಕಷ್ಟವೇ.

‘ಅಂದಿನ ಕಾಲ ಹಾಗಿತ್ತು’ ಎನ್ನುವ ಉತ್ತರ ಸಾಲದು. ಅದೇ ಕ್ಯಾಲಿಫೋರ್ನಿಯಾದಲ್ಲಿ ಅದೇ ವರ್ಷಗಳಲ್ಲಿ ಬೈಕು ಓಡಿಸಿದ ಹೆಂಗಸರು ಇದ್ದರು. ಅವರ ಮಾತು ಮುಂದೆ ಬರುತ್ತದೆ. ಚಿತ್ರ ಬಂದ 1971ರಲ್ಲೇ ನ್ಯೂಯಾರ್ಕ್ ರಾಜ್ಯದ ಕೆರ್ರಿ ಕ್ಲೈಡ್ ಎಂಬ ಯುವತಿಗೆ ಮೋಟೋಕ್ರಾಸಿನ ವೃತ್ತಿಪರ ಲೈಸೆನ್ಸ್ ಸಿಕ್ಕಿತ್ತು. ಅವಳು ಹೆಣ್ಣೆಂದು ತಿಳಿದ ಮೇಲೆ ಓಡಿಸಲು ಬಿಡಲಿಲ್ಲ. ಅವಳು ನ್ಯಾಯಾಲಯಕ್ಕೆ ಹೋಗಬೇಕಾಯಿತು.

ಈಗ ಅಳಿಯಂದಿರ ಬೈಕಿಗೆ ಬರೋಣ. ಹಳೆಯ ಬೈಕನ್ನು ಮೊದಲಿನಂತೆ ಮಾಡುವುದು ಒಂದು ಹಂತವಾದರೆ, ಮೊದಲಿಗಿಂತ ಮೇಲಾಗಿಸುವುದು ಇನ್ನೊಂದು. ಹಳೆಯ ಪಾಯಿಂಟು ಕಂಡೆನ್ಸರ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರು. ಹಿಂದಿನ ಎರಡು ಷಾಕ್ ಅಬ್ಸಾರ್ಬರುಗಳ ಬದಲು ಹೊಸವು ಬಂದವು. ಡ್ರಮ್ ಬ್ರೇಕಿನ ಷೂಗಳಿಗೆ ಹೊಸ ಲೈನಿಂಗ್. ‘ಇಷ್ಟೆಲ್ಲ ಬದಲಾಯಿಸಿದ ಮೇಲೆ ಇದು ಅದೇ ಬೈಕೇ?’ ಎಂದು ಕೇಳಿದೆ. ಅದಕ್ಕೊಂದು ನಿಯಮವೇ ಇದೆಯೆಂದು ತಿಳಿಯಿತು. ಅಲ್ಲಿ ಹಳೆಯ ಬೈಕುಗಳ ಪಂದ್ಯ ನಡೆಸುವ ಅಮೆರಿಕನ್ ಹಿಸ್ಟಾರಿಕ್ ರೇಸಿಂಗ್ ಮೋಟಾರ್‌ಸೈಕಲ್ ಅಸೋಸಿಯೇಷನ್ ಎಂಬ ಸಂಸ್ಥೆಯ ಪ್ರಕಾರ, ವಿಂಟೇಜ್ ಮೋಟೋಕ್ರಾಸ್ ಬೈಕಿನ ಮುಂದಿನ ಚಕ್ರ 7 ಅಂಗುಲ, ಹಿಂದಿನದು 4 ಅಂಗುಲಕ್ಕಿಂತ ಹೆಚ್ಚು ಮೇಲೆ ಕೆಳಗೆ ಆಡಕೂಡದು. 1974ರವರೆಗಿನ ಮಾದರಿಗಳು ಈ ಲೆಕ್ಕಕ್ಕೆ ಬರುತ್ತವೆ. 1973ರಲ್ಲಿ ಯಮಾಹಾ ಒಂದೇ ಷಾಕ್‌ನ ಹೊಸ ಬಗೆಯ ಬೈಕಿನಿಂದ 250 ಸಿಸಿ ವಿಶ್ವ ಪ್ರಶಸ್ತಿ ಗೆದ್ದಮೇಲೆ ಎಲ್ಲರೂ ಆಡುವ ಅಳತೆಯನ್ನು ಹೆಚ್ಚಿಸುತ್ತ ಹೋದರು. ಎರಡೇ ವರ್ಷಗಳಲ್ಲಿ ಹಿಂದಿನ ಬೈಕುಗಳೆಲ್ಲ ಮೂಲೆಗೆ ಬಿದ್ದವು. ಹಾಗೆ ಮೂಲೆಗೆ ಬಿದ್ದವುಗಳಿಗೇ ಈ ಪಂದ್ಯ.

ಈ ನಿಯಮ ನನಗೆ ಬಹಳ ಹಿಡಿಸಿತು. ಒಳಗೆ ಕಿಡಿ ಹೊಸದಾಗಿರಲಿ, ಬ್ರೇಕು ಹಿಡಿಯಲಿ, ಸವಾರ ಜೀವಂತ ಮನೆಗೆ ಬರಲಿ. ಆದರೆ ಹಳ್ಳಕ್ಕೆ ಬಿದ್ದಾಗ ಬೆನ್ನಿಗೆ ಆಗುವ ಪೆಟ್ಟು 1973ರದೇ ಆಗಿರಲಿ. ಅಜ್ಜಿಯ ರೇಷ್ಮೆ ಸೀರೆಯ ಜರಿಯಂಚು ಉಳಿಸಿಕೊಂಡು ಹರಿದ ಒಡಲನ್ನು ಬದಲಿಸಿದವರಿಗೆ ಈ ತರ್ಕ ಗೊತ್ತು. ಏನನ್ನು ಬಿಟ್ಟರೆ ಅದು ಅಜ್ಜಿಯ ಸೀರೆಯಾಗಿ ಉಳಿಯುವುದಿಲ್ಲವೋ ಅದನ್ನು ಮುಟ್ಟಬಾರದು. ಮಿಕ್ಕದ್ದನ್ನು ಧೈರ್ಯವಾಗಿ ಮುಟ್ಟಬೇಕು.

ಇದಕ್ಕೆ ವಿರುದ್ಧವಾದ ದಾರಿಯೂ ಉಂಟು, ಅದರ ಬಗ್ಗೆ ನನಗೆ ಗೌರವವಿಲ್ಲ. ಕಾರ್ಖಾನೆಯಿಂದ ಹೊರಟ ದಿನಕ್ಕಿಂತ ಹೆಚ್ಚು ಹೊಳೆಯುವಂತೆ ಮಾಡಿ, ಟೈರಿಗೆ ಮಣ್ಣು ಸೋಕದಂತೆ ಹವಾನಿಯಂತ್ರಿತ ಕೋಣೆಯಲ್ಲಿ ನಿಲ್ಲಿಸುವುದು. ಮೆಕ್ವೀನ್ ಓಡಿಸಿದ ಹಸ್ಕ್ವಾರ್ನಾ ಒಂದು 2011ರಲ್ಲಿ ಲಕ್ಷ ಡಾಲರಿಗೂ ಮೀರಿ ಹರಾಜಾಯಿತು. ಮಣ್ಣಿನಲ್ಲಿ ಅನಾಮಧೇಯನಾಗಲು ಹೆಸರು ಬದಲಿಸಿಕೊಂಡವನ ಬೈಕು ಅವನ ಹೆಸರಿಗಾಗಿಯೇ ಮಾರಾಟವಾಯಿತು! ಷೋಕೇಸಿನ ಗತಿ ಎಂದರೆ ಇದೇ.

ಮಗುವಿಗೆ ಮೂರು ತಿಂಗಳಾದಾಗ ಆ ಬೈಕು ಪಂದ್ಯಕ್ಕೆ ಹೊರಟಿತು, ಭಾನುವಾರವೇ. ‘ನೀನು ಹೋಗಿ ಬಾ ಅಮ್ಮ, ಅವರು ಹುಷಾರಾಗಿ ಓಡಿಸೋ ಹಾಗೆ ನೋಡ್ಕೋ. ನಾನು ಮಗೂನ ಜೊತೆ ಮಲಗ್ತೀನಿ’ ಎಂದಳು ಮಗಳು. ಅವಳ ಭಾನುವಾರದ ಆಸೆ ಅಷ್ಟೇ ಇತ್ತು, ಎರಡು ಗಂಟೆ ನಿದ್ದೆ.

ಪಂದ್ಯದ ಬಯಲಿನಲ್ಲಿ ನಾನು ಕಂಡದ್ದು ಹೆಚ್ಚಾಗಿ ನನ್ನ ವಯಸ್ಸಿನವರನ್ನೇ. ಐವತ್ತು ದಾಟಿದವರಿಗೆ ಒಂದು ವರ್ಗ, ಅರವತ್ತು ದಾಟಿದವರಿಗೆ ಒಂದು ವರ್ಗ. ಮಂಡಿಗೆ ಪಟ್ಟಿ ಕಟ್ಟಿಕೊಂಡು, ಬೈಕಿಗೆ ಕಾಲೆತ್ತಿ ಹಾಕಲು ಗೆಳೆಯನ ಭುಜ ಹಿಡಿದುಕೊಂಡ ಒಬ್ಬರು, ಪಂದ್ಯ ಶುರುವಾದೊಡನೆ ಆ ‘ಆನ್ ಎನಿ ಸಂಡೆ’ಯ ಸೈಕಲ್ ಹುಡುಗನೇ ಆಗಿಬಿಟ್ಟರು. ನೂರು ಜೇನುಗೂಡಿಗೆ ಒಟ್ಟಿಗೆ ಕಲ್ಲು ಹೊಡೆದಂಥ ಸದ್ದು. ನೀಲಿ ಹೊಗೆ. ಮೂಗಿಗೆ ಅದು ಬಡಿದೊಡನೆ ನನಗೆ ಮೈಸೂರಿನ ದೇವರಾಜ ಅರಸು ರಸ್ತೆ! ಅಳಿಯಂದಿರು ಎರಡನೆಯ ಸುತ್ತಿನಲ್ಲಿ ಬಿದ್ದರು, ಎದ್ದರು, ಕ್ಲಚ್ಚಿನ ಹಿಡಿ ಬಾಗಿದ್ದರೂ ಓಡಿಸಿ ಮುಗಿಸಿದರು. ಆರು ತಿಂಗಳು ತಿಕ್ಕಿದ ಟ್ಯಾಂಕಿನ ಮೇಲೆ ಉದ್ದಕ್ಕೆ ಗೀರು ಬಿದ್ದಿತ್ತು. ಅವರ ಮುಖದಲ್ಲಿ ಅದಕ್ಕಾಗಿ ಒಂದು ಚೂರೂ ಬೇಸರವಿರಲಿಲ್ಲ. ಈ ರಿಪೇರಿಯ ಇಡೀ ಶ್ರಮಕ್ಕೆ ಅರ್ಥ ಬಂದದ್ದು ಆ ಗೀರಿನಲ್ಲಿ ಎಂದು ನನಗೆ ತೋರಿತು. ಕಲ್ಲಿಗೆ ಉಳಿ ಹೊಡೆಸಿದ್ದು ರುಬ್ಬಲಿಕ್ಕೆ, ಇದೂ ಹಾಗೆಯೇ.

ಊರಿಗೆ ಮರಳಿದ ಮೇಲೆ ಮಗಳೇ ನನಗೆ ‘ಮೋಟಾರ್‌ಸೈಕಲ್ ಮೇರಿ’ ಚಿತ್ರದ ವಿಷಯ ಹೇಳಿದಳು. ‘ಅಮ್ಮ, ನೀನು ಕೇಳ್ತಿದ್ದೆಯಲ್ಲ, ಹೆಂಗಸರೆಲ್ಲಿ ಅಂತ. ಇದನ್ನು ನೋಡು.’ ಹ್ಯಾಲಿ ವಾಟ್ಸನ್ ಎಂಬ ನಿರ್ದೇಶಕಿಯ ಈ ಚಿತ್ರ ಅರ್ಧ ಗಂಟೆಯೂ ಇಲ್ಲ. ಮೇರಿ ಮೆಗ್ಗೀ 1936ರಲ್ಲಿ ಅಲಾಸ್ಕಾದಲ್ಲಿ ಹುಟ್ಟಿದವರು. ಮೊದಲು ಕಾರು ರೇಸು ಓಡಿಸಿ, 1960ರಲ್ಲಿ ಅಮೆರಿಕದಲ್ಲಿ ಮೋಟಾರುಸೈಕಲ್ ರಸ್ತೆ ಪಂದ್ಯಕ್ಕೆ ಇಳಿದ ಮೊದಲ ಮಹಿಳೆಯಾದರು. ತಲೆಗೆ ಗುಲಾಬಿ ಬಣ್ಣದ ಚುಕ್ಕಿಗಳ ಹೆಲ್ಮೆಟ್. ರಸ್ತೆ ಬಿಟ್ಟು ಮರುಭೂಮಿಗೆ ಬಾ ಎಂದು ಅವರನ್ನು ಛೇಡಿಸಿ ಕರೆದವನು ಬೇರೆ ಯಾರೂ ಅಲ್ಲ, ಅದೇ ಸ್ಟೀವ್ ಮೆಕ್ವೀನ್. ಅಮೆರಿಕದಲ್ಲಿ ಮೋಟೋಕ್ರಾಸ್ ಓಡಿಸಿದ ಮೊದಲ ಹೆಂಗಸರಲ್ಲಿ ಅವರೂ ಒಬ್ಬರು. 1975ರಲ್ಲಿ ಮೆಕ್ಸಿಕೋದ ಬಾಹಾ 500 ಎಂಬ ಮರುಭೂಮಿ ಪಂದ್ಯವನ್ನು ಹಸ್ಕ್ವಾರ್ನಾ 250ರ ಮೇಲೆ ಒಬ್ಬರೇ ಮುಗಿಸಿದರು. ಸರದಿಯ ಮೇಲೆ ಓಡಿಸುವ ಇಬ್ಬಿಬ್ಬರು ಗಂಡಸರ ಹದಿನೇಳು ತಂಡಗಳನ್ನು ಹಿಂದೆ ಹಾಕಿ. ಅಂದರೆ, ಮೆಕ್ವೀನನ ಹಣದಲ್ಲಿ ತಯಾರಾದ ಚಿತ್ರದ ಮೂವರು ನಾಯಕರ ಪಕ್ಕದಲ್ಲಿ ನಾಲ್ಕನೆಯವರಾಗಿ ನಿಲ್ಲಬಹುದಾಗಿದ್ದವರು, ಅವನಿಗೇ ಚೆನ್ನಾಗಿ ಗೊತ್ತಿದ್ದವರು.

ಈ ಚಿತ್ರದಲ್ಲಿ ಮುದುಕಿಯಾದ ಮೇರಿಯೇ ತಮ್ಮ ಕಥೆ ಹೇಳುತ್ತಾರೆ. ಅವರ ಮುಖದ ಸುಕ್ಕುಗಳನ್ನು ಕ್ಯಾಮೆರಾ ಮುಚ್ಚಿಡುವುದಿಲ್ಲ. ‘ಆನ್ ಎನಿ ಸಂಡೆ’ ಎಂದೂ ಮುಗಿಯದ ಯೌವನದ ಚಿತ್ರ. ಅದರ ಬೈಕುಗಳೆಲ್ಲ ಹೊಸವು, ಜನರೆಲ್ಲ ಗಟ್ಟಿಮುಟ್ಟು. ಇಂದು ಆ ಬೈಕುಗಳನ್ನು ದುರಸ್ತಿ ಮಾಡುವವರಲ್ಲಿ ಎಷ್ಟೋ ಮಂದಿ ನಿಜವಾಗಿ ದುರಸ್ತಿ ಮಾಡಲು ಹೊರಟಿರುವುದು ಆ ಯೌವನವನ್ನು. ಮೇರಿಯ ಚಿತ್ರಕ್ಕೆ ಆ ಭ್ರಮೆ ಇಲ್ಲ. ಅರವತ್ತು ದಾಟಿದ ಮೇಲೆ ಅವರು ವಿಂಟೇಜ್ ಮೋಟೋಕ್ರಾಸ್ ಪಂದ್ಯಗಳಿಗೆ ಮರಳಿದರು. ಹಳೆಯ ಬೈಕು, ಹಳೆಯ ಸವಾರಳು, ಇಬ್ಬರಿಗೂ ತಮ್ಮ ವಯಸ್ಸಿನ ಬಗ್ಗೆ ಸಂಕೋಚವಿಲ್ಲ.

ಚಿತ್ರಕ್ಕೆ ಕೊರತೆಗಳಿಲ್ಲದಿಲ್ಲ. ಇಷ್ಟು ದೊಡ್ಡ ಬದುಕಿಗೆ ಅಷ್ಟು ಸಣ್ಣ ಅವಧಿ ಸಾಲದು. ಧೈರ್ಯದ ಮಾತು ಬಂದಷ್ಟು ಎಂಜಿನ್ನಿನ ಮಾತು ಬರುವುದಿಲ್ಲ. ಲಾವಿಲ್‌ನ ಎಣ್ಣೆ ಮೆತ್ತಿದ ಕೈಗಳಿಗೆ ಬ್ರೌನ್ ಕೊಟ್ಟ ಬಿಡುವು ಇಲ್ಲಿ ಇಲ್ಲ. ಸ್ಫೂರ್ತಿ ಕೊಡಬೇಕೆಂಬ ಆತುರ ಅಲ್ಲಲ್ಲಿ ಕಾಣುತ್ತದೆ. ಆದರೂ ಬ್ರೌನ್ ಕಾಣದೆ ಬಿಟ್ಟ ಒಂದು ಮುಖವನ್ನು ಇದು ಐವತ್ಮೂರು ವರ್ಷ ತಡವಾಗಿಯಾದರೂ ತೋರಿಸಿತು. 2024ರ ನವೆಂಬರ್ 27ರಂದು ಮೇರಿ ತೀರಿಕೊಂಡರು. ಚಿತ್ರ ಎಲ್ಲರಿಗೂ ನೋಡಲು ಸಿಕ್ಕಿದ್ದು ಮರುದಿನ. ಅದೇ ವಾರ ಮಾಲ್ಕಂ ಸ್ಮಿತ್ ಕೂಡ ಹೋದರು. ಪತ್ರಿಕೆಗಳಲ್ಲಿ ಇಬ್ಬರ ಹೆಸರೂ ಅಕ್ಕಪಕ್ಕದಲ್ಲಿ ಬಂದವು. 1971ರಲ್ಲೇ ಹಾಗೆ ಬರಬಹುದಾಗಿತ್ತು.

ನಮ್ಮ ಕಡೆಯ ಮಾತನ್ನೂ ಹೇಳಬೇಕು. 2019ರಲ್ಲಿ ಬೆಂಗಳೂರಿನ ಐಶ್ವರ್ಯ ಪಿಸ್ಸೆ ಬಾಹಾ ಮಾದರಿಯ ಪಂದ್ಯಗಳ ಮಹಿಳಾ ವಿಶ್ವ ಕಪ್ ಗೆದ್ದಳು. ಹಾದಿ ಮುಚ್ಚಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಮೈಸೂರು, ಬೆಂಗಳೂರುಗಳಲ್ಲಿ ಜುಲೈ ತಿಂಗಳ ಎರಡನೆಯ ಭಾನುವಾರ (ನೋಡಿ, ಮತ್ತೆ ಭಾನುವಾರ!) ಜಾವಾ, ಯೆಜ್ಡಿಗಳ ಒಡೆಯರು ತಮ್ಮ ಬೈಕುಗಳನ್ನು ಹೊಳೆಯಿಸಿಕೊಂಡು ಸೇರುತ್ತಾರೆ. ನೋಡಲು ಸೊಗಸು. ಆದರೆ ನಮ್ಮ ಊರುಗಳ ಹೆಂಗಸರು ಮೊದಲು ಹತ್ತಿದ ಟೂ ಸ್ಟ್ರೋಕ್ ಜಾವಾ ಅಲ್ಲ. ಅದು ಲೂನಾ, ಟಿವಿಎಸ್, ಆಮೇಲೆ ಕೈನೆಟಿಕ್ ಹೋಂಡಾ, 1994ರಲ್ಲಿ ಬಂದ ಸ್ಕೂಟಿ. ಅದರ ಮೇಲೆಯೇ ನಾವು ಕೆಲಸಕ್ಕೆ ಹೋದದ್ದು, ಮಕ್ಕಳನ್ನು ಶಾಲೆಗೆ ಬಿಟ್ಟದ್ದು, ಕಾಲಿಗೆ ಸೀರೆ ಸಿಕ್ಕದಂತೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬ್ಯಾಂಕು, ಆಸ್ಪತ್ರೆ ಸುತ್ತಿದ್ದು. ಪ್ಲಗ್ ಬಿಚ್ಚಿ ಮಸಿ ಕೆರೆದು ಮತ್ತೆ ಹಾಕುವುದನ್ನು ನಾನು ಕಲಿತದ್ದು ನನ್ನ ಲೂನಾದ ಮೇಲೆ, ರಸ್ತೆಯ ಬದಿಯಲ್ಲಿ. ನಮ್ಮ ಬೀದಿಯಲ್ಲಿ ಇಂದಿಗೂ ಮೂರು ಜಾವಾಗಳು ಹೊಳೆಯುತ್ತಿವೆ; ಲೂನಾಗಳೆಲ್ಲ ಗುಜರಿಗೆ ಹೋದವು. ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸುವಾಗ ಯಾರ ನೆನಪಿಗೆ ಬೆಲೆ ಕಟ್ಟಿದೆವು ಎಂಬುದು ಇದರಿಂದಲೇ ತಿಳಿಯುತ್ತದೆ.

ಆದ್ದರಿಂದ ನನ್ನ ಶಿಫಾರಸು ಇಷ್ಟು. ಎರಡು ಚಿತ್ರಗಳನ್ನೂ ನೋಡಿ, ಬಂದ ಕ್ರಮದಲ್ಲೇ ನೋಡಿ. ಮೊದಲನೆಯದರ ಸಂತೋಷ ನಿಜವಾದದ್ದು. ಅದನ್ನು ಅಸೂಯೆಯಿಂದ ಕಡಿಮೆ ಮಾಡಬೇಕಾಗಿಲ್ಲ. ಅದು ಎಲ್ಲರ ಪಾಲಿಗೂ ಬರಬೇಕಾದ ಸಂತೋಷ ಎಂಬುದು ಎರಡನೆಯದನ್ನು ನೋಡಿದಾಗ ತಿಳಿಯುತ್ತದೆ. ಮನೆಯಲ್ಲಿ ಗಂಡನೋ ಮಗನೋ ಅಳಿಯನೋ ಹಳೆಯ ಬೈಕು ಬಿಚ್ಚಿ ಕುಳಿತಿದ್ದರೆ ತಡೆಯಬೇಡಿ. ಆದರೆ ವಾರಕ್ಕೊಂದು ಭಾನುವಾರದಲ್ಲಿ ಅರ್ಧ ಅವರದು, ಅರ್ಧ ನಿಮ್ಮದು ಎಂದು ಬಾಯಿಬಿಟ್ಟು ಹೇಳಿ. ನನ್ನ ಮಗಳು ಹಾಗೆ ಹೇಳಿದಳು. ಅವಳ ವೀಣೆಗೆ ಹೊಸ ತಂತಿ ಬಿದ್ದಿದೆ. ಮೇಣ ಮಾತ್ರ ಗಡುಸಾಗಿ ಎರಡು ಮೆಟ್ಟಿಲು ಸಡಿಲವಾಗಿವೆಯಂತೆ. ಅದನ್ನು ಕೂರಿಸಿಕೊಡುವವರು ಅಲ್ಲಿ ಸಿಗದೆ, ಮುಂದಿನ ಸಲ ಬರುವಾಗ ಮೈಸೂರಿಗೇ ತರುತ್ತಾಳಂತೆ.